ಅಕ್ಕನ ಹೆಸರಿನ ರಕ್ತ

ತಿಳವಳ್ಳಿಯ ಪರಮೇಶಪ್ಪ ಊರಿನ ಪ್ರೌಢಶಾಲೆಯಲ್ಲಿ ಜವಾನ. ಹೆಂಡತಿ ಶಾರವ್ವ. ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯಳು ಯಶೋಧರಾ, ಕಿರಿಯಳು ಸಮತಾ.

ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಯಶೋಧರಾಗೆ ಥೈರಾಯ್ಡ್ ಇದೆ ಎಂದು ಗೊತ್ತಾಯಿತು. ಮುಖ ಊದಿಕೊಂಡಿತ್ತು, ಧ್ವನಿ ಗೊಗ್ಗರಾಗಿತ್ತು, ಹಗಲೆಲ್ಲ ಚಾದರ ಹೊದ್ದು ಮಲಗಿರುತ್ತಿದ್ದಳು. ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದವಳು ಸಮತಾ. ಅಲ್ಲಿನ ಡಾಕ್ಟರು ಒಂದು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟರು. ಮುಂಜಾನೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಆಮೇಲೆ ಒಂದು ತಾಸು ಚಹಾ, ಹಾಲು ಏನೂ ಕೂಡದು ಎಂದರು. ಮುಂದೆ ಯಾವಾಗಲಾದರೂ ಕಬ್ಬಿಣದ ಗುಳಿಗೆ ತೆಗೆದುಕೊಳ್ಳುವುದಾದರೆ ಎರಡಕ್ಕೂ ನಾಲ್ಕು ತಾಸು ಅಂತರ ಇರಲೇಬೇಕು, ಇಲ್ಲದಿದ್ದರೆ ಅದು ಇದನ್ನು ಹಿಡಿದುಕೊಳ್ಳುತ್ತದೆ, ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದಿಲ್ಲ ಎಂದೂ ಹೇಳಿದರು. ಯಶೋಧರಾ ಗೋಡೆಗೆ ತಲೆ ಆನಿಸಿ ತೂಕಡಿಸುತ್ತಿದ್ದಳು. ಕೇಳಿಸಿಕೊಂಡವಳು ಸಮತಾ ಒಬ್ಬಳೇ.

ಅಂದಿನಿಂದ ನಸುಕಿನಲ್ಲಿ ಅಕ್ಕನನ್ನು ಎಬ್ಬಿಸಿ ಗುಳಿಗೆ ನುಂಗಿಸುವುದು ಸಮತಾಳ ಕೆಲಸವಾಯಿತು. ಅಕ್ಕ ನುಂಗಿ ಮತ್ತೆ ಮಲಗುತ್ತಿದ್ದಳು. ಸಮತಾ ಕಸ ಹೊಡೆದು, ನೀರು ತುಂಬಿ, ರೊಟ್ಟಿ ಬಡಿಯಲು ಕೂರುತ್ತಿದ್ದಳು. ಕೆಲವು ತಿಂಗಳಲ್ಲಿ ಯಶೋಧರಾ ಮೊದಲಿನಂತಾದಳು. ಆದರೆ ಅವಳ ಪಾಲಿನ ಕೆಲಸ ಅವಳಿಗೆ ಮರಳಲಿಲ್ಲ. ಶಾರವ್ವ ಬಿಡಲಿಲ್ಲ. "ಆಕಿ ಜಡ್ಡಿನಾಕಿ, ನೀ ಗಟ್ಟಿ ಅದಿ," ಎಂದು ಸಮತಾಗೆ ಹೇಳುತ್ತಿದ್ದಳು. ಪಿಯುಸಿ ಮುಗಿಸಿದ ಸಮತಾ ಅಲ್ಲಿಗೇ ನಿಂತಳು.

ಗಟ್ಟಿ ಇದ್ದವಳು ಒಳಗೊಳಗೇ ಸವೆಯುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ಮುಟ್ಟಿನ ದಿನಗಳಲ್ಲಿ ಅವಳಿಗೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ತುಂಬಿದ ಕೊಡ ಹೊತ್ತು ಪಡಸಾಲೆಯ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಅಂಗಡಿಯಿಂದ ಬಳಪ ತಂದು ಸೆರಗಿನಲ್ಲಿ ಕಟ್ಟಿಕೊಂಡು ತಿನ್ನುತ್ತಿದ್ದಳು. ಯಾಕೆ ತಿನ್ನಬೇಕೆನಿಸುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಒಂದು ದಿನ ಶಾರವ್ವ ಅದನ್ನು ಕಂಡು, ಮನೆಗೆ ಬಂದಿದ್ದ ಓಣಿಯ ಹೆಂಗಸರ ಮುಂದೆಯೇ ಅವಳ ಬಾಯಿ ತೆರೆಸಿ, ಬೆಳ್ಳಗಾಗಿದ್ದ ನಾಲಿಗೆ ತೋರಿಸಿ ನಕ್ಕಳು. "ನೋಡ್ರಿ, ನನ್ನ ಮಗಳು ಇನ್ನಾ ಒಂದನೇತ್ತೆ." ಹೆಂಗಸರೂ ನಕ್ಕರು.

ಯಶೋಧರಾಗೆ ಗಂಡು ಗೊತ್ತಾದದ್ದು ಆ ವರ್ಷವೇ. ಹಿರೇಕೆರೂರಿನ ಹುಲಗೇಶ, ತಾಲೂಕು ಕಚೇರಿಯಲ್ಲಿ ಗುಮಾಸ್ತ. ಒಳ್ಳೆಯ ಹುಡುಗ, ಹುಡುಗಿಯನ್ನು ನೋಡಿದ ದಿನವೇ ಒಪ್ಪಿದ. ಆದರೆ ಅವನ ತಾಯಿ ಉಡಚವ್ವ ಚಹಾದ ಕಪ್ಪು ಕೆಳಗಿಟ್ಟು ಮಾತು ತೆಗೆದಳು.

"ಬೀಗ್ತಿ, ಸಿಟ್ಟಾಗಬ್ಯಾಡ್ರಿ. ನಮ್ಮ ಹಿರೇ ಸೊಸಿದು ಥೈರಾಯ್ಡ್ ಮುಚ್ಚಿಟ್ಟು ಕೊಟ್ರು. ಈಗ ಆರು ವರ್ಷ ಆತು, ಮಕ್ಕಳಿಲ್ಲ ಮರಿಯಿಲ್ಲ. ಒಮ್ಮೆ ಕೈ ಸುಟ್ಟುಕೊಂಡೇವಿ. ಹುಡಿಗಿ ರಗತ ತೋರಿಸಿ ರಿಪೋರ್ಟ್ ಕೊಡ್ರಿ. ಥೈರಾಯ್ಡ್, ರಗತದ ಗುಂಪು, ಎಲ್ಲಾ ಇರಲಿ. ನಮ್ಮ ಹುಡುಗಂದೂ ತೋರಸ್ತೇವಿ."

ಶಾರವ್ವ ನಗುತ್ತಲೇ ಹೂಂ ಎಂದಳು. ಅವರ ಕಾರು ಊರು ದಾಟಿದ ಮೇಲೆ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಸಮತಾಳ ಬಳಿ ಬಂದು ನಿಂತಳು.

"ನಾಳೆ ಶಿಗ್ಗಾವಿಗೆ ಹೋಗೂಣು. ಅಲ್ಲೆ ನಮ್ಮನ್ನ ಯಾರೂ ಗುರತ ಹಿಡ್ಯಾಂಗಿಲ್ಲ. ಹೆಸರು ಕೇಳಿದ್ರ ಯಶೋಧರಾ ಅನ್ನು."

"ಅಪ್ಪಗ ಗೊತ್ತೈತೇನ?"

"ಅಪ್ಪ ಏನ ಬ್ಯಾಡಂತಾನ? ಅಕ್ಕನ ಸಂಸಾರ ಹತ್ತತೈತಿ. ನಾಕ ಹನಿ ರಗತ ಕೊಟ್ರ ಸಾಯ್ತಿಯೇನ?"

ಪರಮೇಶಪ್ಪ ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದ. ಎಲ್ಲವೂ ಕೇಳುತ್ತಿತ್ತು. ಒರೆಸಿದ ಗಾಲಿಯನ್ನೇ ಮತ್ತೆ ಒರೆಸಿದ.

ಶಿಗ್ಗಾವಿಯ ಖಾಸಗಿ ದವಾಖಾನೆಯಲ್ಲಿ ಸಮತಾ ಯಶೋಧರಾ ಎಂದು ಹೇಳಿ ತೋಳು ಚಾಚಿದಳು. ಮರುದಿನ ರಿಪೋರ್ಟ್ ತರಲು ಅವಳೊಬ್ಬಳನ್ನೇ ಕಳಿಸಿದರು. ಕೌಂಟರಿನವನು ಅದನ್ನು ಅವಳ ಕೈಗೆ ಕೊಡಲಿಲ್ಲ, ಡಾಕ್ಟರಮ್ಮ ಕರೆಯುತ್ತಿದ್ದಾರೆ ಎಂದ. ಒಳಗೆ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು ಅವಳನ್ನು ಹತ್ತಿರ ಕೂರಿಸಿಕೊಂಡು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ತಿಳವಳ್ಳಿಯಿಂದ ಒಬ್ಬಾಕೀನ ಬಸ್ಸಿನಾಗ ಬಂದೀಯೇನವಾ?"

"ಹೌದ್ರಿ."

"ನಿನ್ನ ಥೈರಾಯ್ಡ್ ಚೊಲೊ ಐತಿ, ಏನೂ ತೊಂದರಿಲ್ಲ. ಆದ್ರ ಹಿಮೋಗ್ಲೋಬಿನ್ ಎಂಟು ಐತಿ, ಹನ್ನೆರಡರ ಮ್ಯಾಲೆ ಇರಬೇಕು. ಫೆರಿಟಿನ್ ಅಂತ ಐತಿ ನೋಡು, ಅದು ನಾಕ. ಹಿಮೋಗ್ಲೋಬಿನ್ ಅಂದ್ರ ಅಡಗಿ ಮನಿ ಡಬ್ಬಿಯಾಗಿನ ಜ್ವಾಳ. ಫೆರಿಟಿನ್ ಅಂದ್ರ ನೆಲದಾಗಿನ ಹಗೇವಿನ್ಯಾಗ ಕೂಡಿಟ್ಟ ಜ್ವಾಳ. ನಿನ್ನ ಹಗೇವು ಖಾಲಿ ಆಗಿ ಭಾಳ ದಿನ ಆಗ್ಯಾವು. ಈಗ ಡಬ್ಬಿನೂ ತಳ ಕಾಣಾಕತ್ತೇತಿ. ಮುಟ್ಟು ಜಾಸ್ತಿ ಆಕ್ಕೇತೇನು?"

ಸಮತಾ ತಲೆಯಾಡಿಸಿದಳು. ಬಳಪದ ವಿಷಯವನ್ನೂ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. ಕಬ್ಬಿಣ ಕಡಿಮೆಯಾದವರಿಗೆ ಹಾಗೆ ಆಗುತ್ತದೆ ಎಂದರು. ಗುಳಿಗೆ ಬರೆದುಕೊಟ್ಟು, ಚಹಾದ ಜೊತೆ ತೆಗೆದುಕೊಳ್ಳಬೇಡ, ಲಿಂಬೆಹಣ್ಣಿನ ನೀರಿನ ಜೊತೆ ತಗೋ, ಸುಸ್ತು ಹೋಯಿತೆಂದು ನಡುವೆ ಬಿಡಬೇಡ, ಡಬ್ಬಿ ತುಂಬಿದ ಮೇಲೂ ಹಗೇವು ತುಂಬಲು ತಿಂಗಳುಗಟ್ಟಲೆ ಬೇಕು ಎಂದರು. ತನ್ನ ಬಗ್ಗೆ ಒಬ್ಬರು ಇಷ್ಟು ಹೊತ್ತು ಮಾತಾಡಿದ್ದು ಸಮತಾಗೆ ನೆನಪಿರಲಿಲ್ಲ. ಎದ್ದು ಹೊರಟಾಗ ಡಾಕ್ಟರಮ್ಮ, "ಕಾಳಜಿ ತಗೊ, ಯಶೋಧರಾ," ಎಂದರು.

ಮನೆಯಲ್ಲಿ ಥೈರಾಯ್ಡಿನ ಸಾಲನ್ನು ಓದಿ ಶಾರವ್ವ ಹಿರಿಯ ಮಗಳನ್ನು ತಬ್ಬಿಕೊಂಡಳು. ಸಮತಾ ಉಳಿದ ಸಾಲುಗಳನ್ನು ತೋರಿಸಿ, ಡಾಕ್ಟರಮ್ಮ ಹೇಳಿದ್ದನ್ನು ಹೇಳಿದಳು.

"ಅವ್ವ, ನನಗ ಗುಳಿಗಿ ಬೇಕಂತ. ಇಲ್ಲೇ ಸರಕಾರಿ ದವಾಖಾನ್ಯಾಗ ಪುಕ್ಕಟೆ ಕೊಡತಾರ."

"ಊರ ದವಾಖಾನ್ಯಾಗ ನೀ ರಗತ ಇಲ್ಲಂತ ನಿಂತ್ರ ನಾಳೆ ಊರೆಲ್ಲಾ ಗೊತ್ತಾಕ್ಕೇತಿ. ರಿಪೋರ್ಟಿನ್ಯಾಗ ಅಕ್ಕಗ ರಗತ ಕಡಿಮಿ, ಇಲ್ಲೆ ನೋಡಿದ್ರ ತಂಗಿಗೆ ಕಡಿಮಿ. ಒಬ್ಬರರೆ ಲೆಕ್ಕ ಹಾಕಂಗಿಲ್ಲೇನು? ಮದುವಿ ಮುಗೀಲಿ, ಕೊಡಸ್ತೇನಿ."

ರಿಪೋರ್ಟ್ ನೋಡಿದ ಉಡಚವ್ವನಿಗೆ ಸಮಾಧಾನವಾಯಿತು. ಥೈರಾಯ್ಡ್ ಇಲ್ಲ. ರಕ್ತ ಕಡಿಮೆ ಇದ್ದರೆ ತಿನ್ನಿಸಿದರಾಯಿತು. ಮುಂದಿನ ವಾರವೇ ಹುಲಗೇಶ ಒಂದು ದೊಡ್ಡ ಚೀಲ ಹಿಡಿದು ಬಂದ. ದಾಳಿಂಬೆ, ಖಜೂರ, ಉಡಚವ್ವ ಕೈಯಾರೆ ಕಟ್ಟಿದ ಶೇಂಗಾ ಉಂಡೆ, ಮೂರು ತಿಂಗಳಿಗಾಗುವಷ್ಟು ಕಬ್ಬಿಣದ ಗುಳಿಗೆ. ರಿಪೋರ್ಟಿನ ಜೊತೆಗಿದ್ದ ಚೀಟಿಯಲ್ಲಿ ಶಿಗ್ಗಾವಿಯ ಡಾಕ್ಟರಮ್ಮ ಬರೆದ ಗುಳಿಗೆಯೇ ಅದು. ಸಮತಾ ಅವನಿಗೆ ನೀರು ತಂದುಕೊಟ್ಟು ಬದಿಗೆ ನಿಂತಳು. ಅವನು ಯಶೋಧರಾಳ ಕಡೆ ತಿರುಗಿ, "ದಿನಾ ಮುಂಜಾನೆ ನಾ ವಿಡಿಯೋ ಕಾಲ್ ಮಾಡ್ತೇನಿ. ನನ್ನ ಮುಂದ ಗುಳಿಗಿ ನುಂಗಬೇಕು. ಅವ್ವನ ಆರ್ಡರ್," ಎಂದು ನಕ್ಕ.

ಹೀಗೆ ಕಬ್ಬಿಣ ಬೇಡದವಳು ಕಬ್ಬಿಣ ತಿನ್ನತೊಡಗಿದಳು. ಯಶೋಧರಾ ಹಾಸಿಗೆಯಲ್ಲೇ ದಿಂಬಿಗೊರಗಿ, ಕೂದಲು ಸರಿಮಾಡಿಕೊಂಡು, ಮೊಬೈಲ್ ಎದುರಿಗಿಟ್ಟುಕೊಂಡು ಕೆಂಪು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ತೋರಿಸುತ್ತಿದ್ದಳು, ಹಾಲು ಕುಡಿದು ಖಾಲಿ ಬಾಯಿ ತೋರಿಸುತ್ತಿದ್ದಳು. ಹುಲಗೇಶ ಚಪ್ಪಾಳೆ ತಟ್ಟುತ್ತಿದ್ದ. ಅವಳು ಥೈರಾಯ್ಡ್ ಗುಳಿಗೆ ನುಂಗಿ ಅರ್ಧ ತಾಸೂ ಆಗಿರುತ್ತಿರಲಿಲ್ಲ.

ಎರಡನೆಯ ದಿನವೇ ಸಮತಾ ಹೇಳಿದಳು. "ಅಕ್ಕ, ಅದನ್ನ ಇದರ ಸಂಗಾಟ ನುಂಗಬಾರದು. ಹುಬ್ಬಳ್ಳಿ ಡಾಕ್ಟರು ಹೇಳ್ಯಾರ. ನಾಕ ತಾಸು ಬಿಟ್ಟು ಮಧ್ಯಾಹ್ನ ತಗೋಬೇಕು. ಮೊದಲಽ ನಿನಗ ಅದು ಬೇಕಾಗೂ ಇಲ್ಲ. ಅಂವಗ ತೋರಿಸಿ ಉಗುಳಿಬಿಡು."

"ಉಗುಳಿ ನಿನಗ ಕೊಡಲಿ?"

"ಹಂಗಲ್ಲ ಅಕ್ಕ."

"ಮತ್ತ ಹೆಂಗ? ನನಗ ಒಬ್ಬರು ಇಷ್ಟು ಪ್ರೀತಿಲೆ ಏನರೆ ಕಳಿಸಿದ್ರ ನಿನಗ ಹೊಟ್ಟ್ಯಾಗ ಬೆಂಕಿ. ನಿನಗ ಬೇಕಾಗ್ಯಾವು, ಅದಕ್ಕ ಡಾಕ್ಟರ್ ಹೆಸರು ಹೇಳಾಕತ್ತಿ. ಅವ್ವಾ, ಇಲ್ಲಿ ಬಾ ಸ್ವಲ್ಪ."

ಶಾರವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಕೇಳಿಸಿಕೊಂಡಳು. ಸಮತಾಳ ಕೆನ್ನೆಗೆ ಒಂದು ಹೊಡೆದಳು. ಹೊಡೆತ ಜೋರಾಗಿರಲಿಲ್ಲ, ಆದರೆ ಸಮತಾ ಗೋಡೆಯವರೆಗೂ ಜೋಲಿ ಹೊಡೆದು ಹೋದಳು. ಶಾರವ್ವ ಅದನ್ನು ನಟನೆ ಎಂದುಕೊಂಡು ಇನ್ನೊಂದು ಹೊಡೆದಳು. ಬೀಗರು ಕಳಿಸಿದ ಚೀಲವನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ದಿನಕ್ಕೊಂದು ಗುಳಿಗೆ ತೆಗೆದು ತಾನೇ ಕೊಡುತ್ತಿದ್ದಳು. ಪರಮೇಶಪ್ಪ ಅಂದು ರಾತ್ರಿ ಊಟಕ್ಕೆ ಕುಳಿತಾಗ ತನ್ನ ತಾಟಿನಲ್ಲಿದ್ದ ಉಂಡೆಯನ್ನು ಅರ್ಧ ಮುರಿದು ಸಮತಾಳ ಕಡೆ ಸರಿಸಿದ. ಹೆಂಡತಿ ನೋಡಿದಳು. ಅವನು ಅದನ್ನು ಮತ್ತೆ ತನ್ನ ಕಡೆ ಎಳೆದುಕೊಂಡ.

ಸಮತಾ ಮತ್ತೆ ಆ ಮಾತು ಎತ್ತಲಿಲ್ಲ.

ಕೆಲವು ದಿನ ಎಂದಿನಂತೆ ನಸುಕಿನಲ್ಲಿ ಥೈರಾಯ್ಡ್ ಗುಳಿಗೆ ಒಯ್ದು ಅಕ್ಕನನ್ನು ಎಬ್ಬಿಸಿದಳು. ಹುಲಗೇಶನ ಜೊತೆ ಮಾತಾಡುತ್ತ ತಡವಾಗಿ ಮಲಗುತ್ತಿದ್ದ ಯಶೋಧರಾ, "ಆಮ್ಯಾಲೆ ತಗೊಂಬಾ," ಎಂದು ಮಗ್ಗಲು ಬದಲಿಸುತ್ತಿದ್ದಳು. ಒಂದು ಮುಂಜಾನೆ ಸಮತಾ ಅವಳನ್ನು ಎಬ್ಬಿಸಲಿಲ್ಲ. ತಾಯಿ ಕೊಟ್ಟ ಕೆಂಪು ಗುಳಿಗೆಯನ್ನೂ ಬಿಳಿ ಗುಳಿಗೆಯನ್ನೂ ಒಂದೇ ಬಸಿಯಲ್ಲಿಟ್ಟು, ಹಾಲಿನ ಲೋಟದ ಜೊತೆ ಒಯ್ದಳು. ಯಶೋಧರಾ ಬಿಳಿಯದನ್ನು ಫೋನಿಗೆ ಕಾಣದಂತೆ ಬಾಯಿಗೆ ಹಾಕಿಕೊಂಡಳು, ಕೆಂಪನ್ನು ಕಾಣುವಂತೆ ಹಾಕಿಕೊಂಡಳು, ಎರಡನ್ನೂ ಹಾಲಿನಲ್ಲಿ ನುಂಗಿದಳು. ಏನಾಗುತ್ತದೆ ಎಂದು ಆ ಮನೆಯಲ್ಲಿ ತಿಳಿದಿದ್ದವಳು ಬಾಗಿಲ ಬಳಿ ನಿಂತು ನೋಡಿದಳು. ಮರುದಿನವೂ ಹಾಗೆಯೇ ಒಯ್ದಳು. ಆಮೇಲೆ ಅದು ರೂಢಿಯಾಯಿತು.

ಮದುವೆ ಹತ್ತಿರ ಬರುವಷ್ಟರಲ್ಲಿ ಯಶೋಧರಾಳ ಕೆನ್ನೆಗಳು ತುಂಬಿಕೊಂಡಿದ್ದವು. ದಾಳಿಂಬೆಯ ಗುಣ ಎಂದರು ಓಣಿಯವರು. ಮದುಮಗಳ ಕಳೆ ಎಂದಳು ಶಾರವ್ವ. ಆ ಊತ ಯಾತರದ್ದೆಂದು ಸಮತಾಗೆ ಗೊತ್ತಿತ್ತು. ಒಂದು ದಿನ ಅಕ್ಕ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಕುಳಿತದ್ದನ್ನು ಕಂಡಳು. ಹೇಳಿಬಿಡಲೇ ಎಂದು ಹತ್ತಿರ ಹೋದಳು. ಯಶೋಧರಾ ಕಾಲು ಚಾಚಿ, "ಉಗುರಿಗೆ ಬಣ್ಣ ಹಚ್ಚು ಬಾ," ಎಂದಳು. ಸಮತಾ ಕುಳಿತು ಹಚ್ಚಿದಳು.

ಹಾನಗಲ್ಲಿನ ಮಂಟಪದಲ್ಲಿ, ಬುದ್ಧವಂದನೆ ಹೇಳಿ, ಹಾರ ಬದಲಿಸಿ ಮದುವೆಯಾಯಿತು. ಊಟದ ಪಂಕ್ತಿಗೆ ಸಾರಿನ ಬಕೆಟ್ ಹೊತ್ತು ಹೋಗುತ್ತಿದ್ದ ಸಮತಾ ನಡುದಾರಿಯಲ್ಲೇ ಕುಸಿದಳು. ಬಿಸಿ ಸಾರು ಅವಳ ಕೈ ಮೇಲೆ ಚೆಲ್ಲಿತು. ಯಾರೋ ನೀರು ಚಿಮುಕಿಸಲು ಬಂದರು. ಶಾರವ್ವ ಅವರನ್ನು ತಡೆದು, ಇಬ್ಬರು ಅಡುಗೆಯವರಿಂದ ಮಗಳನ್ನು ಎತ್ತಿಸಿ ಸಾಮಾನಿನ ಕೋಣೆಗೆ ಸಾಗಿಸಿದಳು. ಅಕ್ಕಿ ಚೀಲಗಳ ನಡುವೆ ಮಲಗಿಸಿ, ಮೈಮೇಲೆ ಜಮಖಾನೆ ಎಳೆದು, ಹೊರಗಿನಿಂದ ಚಿಲಕ ಹಾಕಿದಳು. ಬೀಗರು ಕೇಳಿದರೆ ಹುಡುಗಿಗೆ ಪಿತ್ತ ಎಂದು ಹೇಳಿದಳು.

ಸಮತಾಗೆ ಎಚ್ಚರವಾದಾಗ ಹೊರಗೆ ಹಾಡು ಕೇಳುತ್ತಿತ್ತು. ಕೈ ಉರಿಯುತ್ತಿತ್ತು. ಕೂಗಲು ಉಸಿರು ಸಾಲಲಿಲ್ಲ. ಪಕ್ಕದ ಚೀಲದ ಬಾಯಿ ಬಿಚ್ಚಿತ್ತು. ಕೈ ಹಾಕಿ ಒಂದು ಮುಷ್ಟಿ ಅಕ್ಕಿ ತೆಗೆದು, ಮಲಗಿಕೊಂಡೇ ತಿಂದಳು. ಚಿಲಕ ತೆಗೆಯುವ ಹೊತ್ತಿಗೆ ಅಕ್ಕ ಗಂಡನ ಮನೆಗೆ ಹೋಗಿಯಾಗಿತ್ತು.

ಮದುವೆ ಮುಗಿಯಿತು, ಶಾರವ್ವ ಗುಳಿಗೆ ಕೊಡಿಸಲಿಲ್ಲ. ಕೇಳಿದಾಗಲೊಮ್ಮೆ, "ಈಗ ಅಕ್ಕ ಹೋಗ್ಯಾಳ, ಕೆಲಸ ಕಡಿಮಿ ಆಗೇತಿ. ತಾನಽ ಸುಧಾರಸ್ತೈತಿ," ಎನ್ನುತ್ತಿದ್ದಳು. ಸಮತಾ ಕೇಳುವುದನ್ನು ಬಿಟ್ಟಳು. ಒಮ್ಮೆ ತಾನೇ ಸರಕಾರಿ ದವಾಖಾನೆಯ ದಾರಿ ಹಿಡಿದಳು. ಶಾಲೆಯ ಗೇಟಿನ ಬಳಿ ನಿಂತಿದ್ದ ಪರಮೇಶಪ್ಪ ಅವಳನ್ನು ಕಂಡು ಹತ್ತಿರ ಬಂದ. "ಬ್ಯಾಡವಾ. ನಿಮ್ಮವ್ವಗ ಗೊತ್ತಾದ್ರ ಮನ್ಯಾಗ ನನಗ ಇರಾಕ ಆಗಂಗಿಲ್ಲ," ಎಂದು ಕೈ ಮುಗಿದ. ತಂದೆ ತನಗೆ ಕೈ ಮುಗಿದದ್ದನ್ನು ನೋಡಲಾಗದೆ ಅವಳು ಹಿಂತಿರುಗಿದಳು.

ಹಿರೇಕೆರೂರಿನಲ್ಲಿ ಉಡಚವ್ವ ಹೊಸ ಸೊಸೆಯನ್ನು ಚೆನ್ನಾಗಿಯೇ ನೋಡಿಕೊಂಡಳು. ಮುಂಜಾನೆ ತಾನೇ ಹಾಲು ಕಾಯಿಸಿ ಕಬ್ಬಿಣದ ಗುಳಿಗೆಯ ಜೊತೆ ಕೈಗೆ ಕೊಡುತ್ತಿದ್ದಳು. ಯಶೋಧರಾ ಅದಕ್ಕೂ ಮೊದಲು ಬಚ್ಚಲಿಗೆ ಹೋಗಿ, ರವಿಕೆಯೊಳಗಿಟ್ಟ ಬಿಳಿ ಗುಳಿಗೆಯನ್ನು ಕದ್ದು ನುಂಗಿ ಬರುತ್ತಿದ್ದಳು. ನುಂಗುತ್ತಿದ್ದೇನೆ, ಆದರೂ ಮೈ ಯಾಕೆ ಹೀಗೆ ಎಂದು ಅವಳಿಗೆ ತಿಳಿಯಲಿಲ್ಲ. ಒಂದರ ಬದಲು ಎರಡು ನುಂಗಿದಳು. ಧ್ವನಿ ಮತ್ತೆ ಗೊಗ್ಗರಾಯಿತು. ಹಾಲು ಉಕ್ಕಿ ಒಲೆ ಆರಿದರೂ ಎದುರಿಗೇ ಕುಳಿತು ನೋಡುತ್ತಿದ್ದಳು. ಹುಲಗೇಶ ರಾತ್ರಿ ಮಾತಾಡಿಸಿದರೆ ಮಾತಿನ ನಡುವೆಯೇ ನಿದ್ದೆ ಹೋಗುತ್ತಿದ್ದಳು. ಮೊದಮೊದಲು ನಕ್ಕವನು ಆಮೇಲೆ ಗೋಡೆಯ ಕಡೆ ತಿರುಗಿ ಮಲಗತೊಡಗಿದ.

ಉಡಚವ್ವ ಒಬ್ಬ ಸೊಸೆಯಲ್ಲಿ ಇದನ್ನೆಲ್ಲ ನೋಡಿದ್ದವಳು. ಒಂದು ದಿನ ಮಾತಿಲ್ಲದೆ ಆಟೋ ಕರೆಸಿ ದವಾಖಾನೆಗೆ ಕರೆದೊಯ್ದಳು, ಹಳೆಯ ರಿಪೋರ್ಟನ್ನೂ ಜೊತೆಗೆ ತಂದಳು. ಹೊಸ ರಿಪೋರ್ಟ್ ಬಂದ ದಿನ ಅಲ್ಲಿನ ಡಾಕ್ಟರು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರು. ಟಿಎಸ್‌ಎಚ್ ಎಂಬ ಥೈರಾಯ್ಡಿನ ಅಂಕಿ ಐದರೊಳಗೆ ಇರಬೇಕಾದದ್ದು ಎಂಬತ್ತನ್ನು ದಾಟಿತ್ತು. ಫೆರಿಟಿನ್ ಮಾತ್ರ ಬೇಕಾದಷ್ಟಿತ್ತು.

"ಫೆರಿಟಿನ್ ಗುಳಿಗಿಲೆ ಏರಿತು ಅನ್ನೂಣು. ಥೈರಾಯ್ಡ್ ಇಷ್ಟರಾಗ ಕೆಟ್ಟಿತು ಅಂತನೂ ಅನ್ನೂಣು," ಎಂದರು ಅವರು. "ಆದ್ರ ಹಳೇದ್ರಾಗ ರಕ್ತದ ಗುಂಪು ಬಿ ಪಾಸಿಟಿವ್ ಐತಿ. ಈಗ ಓ ಪಾಸಿಟಿವ್. ರಕ್ತದ ಗುಂಪು ಬದಲಾಗಂಗಿಲ್ಲರೀ ಅಮ್ಮಾರ."

ಉಡಚವ್ವ ಸೊಸೆಯ ಕಡೆ ತಿರುಗಿದಳು. ಯಶೋಧರಾಗೆ ಸುಳ್ಳು ಹೊಂದಿಸುವಷ್ಟು ಚುರುಕು ಉಳಿದಿರಲಿಲ್ಲ. "ತಂಗೀದು," ಎಂದಳು. ತುಂಬ ಹೊತ್ತಿನ ಮೇಲೆ ಅಳು ಬಂತು.

ಮರುದಿನ ಉಡಚವ್ವ, ಹುಲಗೇಶ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ತಿಳವಳ್ಳಿಗೆ ಬಂದರು. ಅವಳ ಎರಡು ಬ್ಯಾಗನ್ನು ಹುಲಗೇಶ ಅಂಗಳದಲ್ಲಿ ಇಳಿಸಿದ. ಉಡಚವ್ವ ಪಡಸಾಲೆಯಲ್ಲಿ ಕುಳಿತು, ಶಾರವ್ವ ತಂದ ನೀರನ್ನು ಮುಟ್ಟದೆ, "ಸಣ್ಣಾಕಿನ್ನ ಕರೀರಿ," ಎಂದಳು.

ಸಮತಾ ಬಂದಳು. ಉಡಚವ್ವ ಎದ್ದು, ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪಿನ ಸುಳಿವಿರಲಿಲ್ಲ.

"ಶಾರವ್ವ, ಈ ಹುಡಿಗಿ ರಗತ ನಮಗ ಕೊಟ್ಟಿ. ನಾ ಕಳಿಸಿದ್ದು ಈಕಿ ಹೊಟ್ಟಿಗೆ ಒಂದ ತುತ್ತರೆ ಹಾಕಿದಿ?"

ಶಾರವ್ವ ಕಾಲು ಹಿಡಿಯಲು ಬಗ್ಗಿದಳು. ಉಡಚವ್ವ ಹಿಂದೆ ಸರಿದಳು. ಸಮತಾ ಆಗ ಆ ಹೆಂಗಸಿನ ಮುಖ ನೋಡಿದಳು. ತನ್ನ ಪರವಾಗಿ ಒಬ್ಬರು ಕೇಳುತ್ತಿದ್ದಾರೆ ಎನಿಸಿತು. ಅದು ಅರೆಗಳಿಗೆ ಮಾತ್ರ.

"ನಾವು ಒಪ್ಪಿದ್ದು ಈ ರಿಪೋರ್ಟಿಗೆ," ಎಂದಳು ಉಡಚವ್ವ. "ರಿಪೋರ್ಟ್ ಯಾರದೋ ಅವರನ್ನ ಕೊಡ್ರಿ. ದೊಡ್ಡಾಕಿಗೆ ಸೋಡಚೀಟಿ ಮಾಡಿಸಿ, ಈ ಮದುವಿ ಮುರದು, ನಿಮ್ಮಲ್ಲೇ ಇಟ್ಕೊರಿ. ಈಕಿಗೆ ಥೈರಾಯ್ಡ್ ಇಲ್ಲ. ರಗತ ತುಂಬಿದ್ರ ತುಂಬತೈತಿ. ನಾಕ ತಿಂಗಳು ಉಣಿಸಿ ಕಳಸ್ರಿ. ನಾನೂ ಊರಾಗ ಮಾತಾಡಂಗಿಲ್ಲ, ಪೊಲೀಸ್ ಕಡೆನೂ ಹೋಗಂಗಿಲ್ಲ."

ಹುಲಗೇಶ ಏನಾದರೂ ಹೇಳುತ್ತಾನೆ ಎಂದು ಎಲ್ಲರೂ ಅವನ ಕಡೆ ನೋಡಿದರು. ಅವನು ಮೊಬೈಲ್ ನೋಡುತ್ತಿದ್ದ. ಬ್ಯಾಗುಗಳ ಪಕ್ಕ ನೆಲದ ಮೇಲೆ ಕುಳಿತಿದ್ದ ಯಶೋಧರಾ ಅವನನ್ನೇ ನೋಡುತ್ತಿದ್ದಳು. ಅವಳ ಮುಖ ಊದಿ ಕಣ್ಣು ಸಣ್ಣದಾಗಿದ್ದರಿಂದ ಅಳುತ್ತಿದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. "ವಿಚಾರ ಮಾಡಿ ಹೇಳ್ರಿ," ಎಂದು ಉಡಚವ್ವ ಹೊರಟಳು. ಹುಲಗೇಶ ಕಾರು ತಿರುಗಿಸಿದ.

ಅಂದು ಸಂಜೆ ಶಾರವ್ವ ದಾಳಿಂಬೆ ಬಿಡಿಸಿ, ಬೆಳ್ಳಿಯ ಬಟ್ಟಲಲ್ಲಿ ಹಾಕಿ, ಸಮತಾಳ ಮುಂದೆ ತಂದಿಟ್ಟಳು. ಪಕ್ಕದಲ್ಲಿ ಕುಳಿತು ಅವಳ ತಲೆ ನೇವರಿಸಿದಳು. ಅಂಗೈಯಲ್ಲಿ ಕೆಂಪು ಗುಳಿಗೆಯ ಹಾಳೆ ಇತ್ತು.

"ತಿನ್ನವಾ. ಪೂರಾ ತಿನ್ನು. ಲಗೂನ ಸುಧಾರಿಸು."

ಅಷ್ಟು ಮೆತ್ತಗಿನ ಧ್ವನಿಯನ್ನು ಸಮತಾ ಆ ಬಾಯಿಂದ ಕೇಳಿರಲಿಲ್ಲ. ಒಳಕೋಣೆಯ ಬಾಗಿಲಲ್ಲಿ ಚಾದರ ಹೊದ್ದು ನಿಂತ ಯಶೋಧರಾ ನೋಡುತ್ತಿದ್ದಳು. ಸಮತಾಗೆ ಬಟ್ಟಲನ್ನು ದೂರ ತಳ್ಳಬೇಕೆನಿಸಿತು. ಆದರೆ ಮೈ ಕೇಳಲಿಲ್ಲ. ಕಾಳುಗಳನ್ನು ಮುಷ್ಟಿಗಟ್ಟಲೆ ಬಾಯಿಗೆ ತುಂಬಿಕೊಂಡಳು. ರಸ ಗದ್ದಕ್ಕೆ ಇಳಿಯಿತು. ಗುಳಿಗೆಯನ್ನೂ ನುಂಗಿದಳು. ಅಕ್ಕನ ಎದುರಿಗೇ ನುಂಗಿದಳು.

ಬೆಳಗಾಗುವ ಮುಂಚೆ ಅವಳು ಬಿಳಿ ಗುಳಿಗೆಯೊಂದನ್ನೇ, ಒಂದು ಲೋಟ ನೀರಿನ ಜೊತೆ, ಯಶೋಧರಾಳ ಹಾಸಿಗೆಯ ಬಳಿಗೆ ಒಯ್ದಳು.

"ಇದೊಂದಽ ನುಂಗು. ಒಂದು ತಾಸು ಏನೂ ತಿನಬ್ಯಾಡ. ಕೆಂಪು ಗುಳಿಗಿ ಇನ್ನ ಮುಟ್ಟಬ್ಯಾಡ, ಅದು ಇದನ್ನ ಮೈಗೆ ಹತ್ತಗೊಡಂಗಿಲ್ಲ. ಅದಕ್ಕಽ ನಿನಗ ಹಿಂಗಾಗೇತಿ."

ಯಶೋಧರಾ ನಿಧಾನವಾಗಿ ಎದ್ದು ಕುಳಿತಳು. "ನಿನಗ ಗೊತ್ತಿತ್ತು?"

"ಗೊತ್ತಿತ್ತು. ಒಮ್ಮೆ ಹೇಳಿದ್ನಿ. ನೀ ಅವ್ವನ್ನ ಕರದಿ."

"ಆಮ್ಯಾಲೆ?"

"ಆಮ್ಯಾಲೆ ನಾನಽ ಎರಡೂ ಕೂಡಿಸಿ ತಂದಿಟ್ನಿ. ದಿನಾ. ನೀ ನುಂಗೂದನ್ನ ನೋಡ್ಕೋತ ನಿಂತ್ನಿ."

ಯಶೋಧರಾ ಅವಳ ಮುಖವನ್ನೇ ನೋಡಿದಳು. ಲೋಟ ಎತ್ತಿ ನೀರನ್ನು ಅವಳ ಮುಖಕ್ಕೆ ಎರಚಿದಳು. "ನನ್ನ ಮನಿ ಮುರದಿ. ಈಗ ಆ ಮನಿಗೇ ಹೊಂಟಿ."

"ನಾ ಹೋಗಂಗಿಲ್ಲ," ಎಂದಳು ಸಮತಾ. ಮುಖ ಒರೆಸಿಕೊಂಡು ಇನ್ನೊಂದು ಲೋಟ ನೀರು ತಂದು ಕೊಟ್ಟಳು. ಯಶೋಧರಾ ಗುಳಿಗೆ ನುಂಗಿದಳು.

ಸಮತಾ ಆ ಮಾತನ್ನು ಮುಂಜಾನೆ ತಂದೆತಾಯಿಯ ಮುಂದೆಯೂ ಹೇಳಿದಳು. ಹಿರೇಕೆರೂರಿಗೆ ಹೋಗುವುದಿಲ್ಲ, ಬಲವಂತ ಮಾಡಿದರೆ ರಿಪೋರ್ಟಿನ ವಿಷಯವನ್ನು ತಾನೇ ಠಾಣೆಯಲ್ಲಿ ಹೇಳುತ್ತೇನೆ ಎಂದಳು. ಶಾರವ್ವ ಮೊದಲು ಪುಸಲಾಯಿಸಿದಳು, ಆಮೇಲೆ ಎದೆ ಬಡಿದುಕೊಂಡಳು. ಮಗಳು ಅಲುಗದಿದ್ದಾಗ ಎದ್ದು ಹೋಗಿ, ಸಮತಾಳ ದಿಂಬಿನ ಬಳಿ ಇಟ್ಟಿದ್ದ ಗುಳಿಗೆಯ ಹಾಳೆಯನ್ನು ತೆಗೆದುಕೊಂಡಳು.

"ಹಂಗಾದ್ರ ಇವು ನಿನಗ್ಯಾಕ?" ಎಂದಳು. ಹಾಳೆಯನ್ನು ಒಲೆಗೆ ಹಾಕಿದಳು.

ಸಮತಾ ಎರಡು ಸೀರೆ, ಒಂದು ಚಾದರ ಚೀಲಕ್ಕೆ ತುಂಬಿಕೊಂಡು ಶಿಗ್ಗಾವಿಯ ಬಸ್ಸು ಹತ್ತಿದಳು. ಅಲ್ಲಿ ಅವಳ ಜೊತೆ ಪಿಯುಸಿ ಓದಿದ ಮಾದೇವಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು, ದುಂಡಸಿಯ ಹುಡುಗಿಯರ ಜೊತೆ ಕೋಣೆ ಮಾಡಿಕೊಂಡಿದ್ದಳು. ಕೆಲಸಕ್ಕೆ ಸೇರಿದ ಮೂರನೆಯ ದಿನ ಸಮತಾ ಯಂತ್ರದ ಮೇಲೆಯೇ ಕುಸಿದಳು. ಮಾದೇವಿ ಅವಳನ್ನು ಸವಣೂರಿನ ಸರಕಾರಿ ಆಸ್ಪತ್ರೆಗೆ ಕರೆದೊಯ್ದಳು, ಅಲ್ಲಿ ಮಾದೇವಿಯ ಅಕ್ಕ ನರ್ಸು. ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಹಾವೇರಿಗೆ ಕಳಿಸಿ ಎರಡು ಬಾಟಲಿ ರಕ್ತ ಹಾಕಿಸಿದರು. ಹೆಸರು ಕೇಳಿದಾಗ ಅವಳು ಸ್ವಲ್ಪ ತಡೆದು, "ಸಮತಾ," ಎಂದಳು. ತಿಳವಳ್ಳಿಗೆ ಫೋನ್ ಮಾಡಿದ ಮಾದೇವಿಗೆ ಶಾರವ್ವ, ತನಗೆ ಒಬ್ಬಳೇ ಮಗಳು ಎಂದು ಹೇಳಿ ಇಟ್ಟುಬಿಟ್ಟಳು.

ಯಶೋಧರಾ ಬಿಳಿ ಗುಳಿಗೆಯನ್ನು ನಸುಕಿನಲ್ಲಿ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳತೊಡಗಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಊತ ಇಳಿಯಿತು, ಧ್ವನಿ ತಿಳಿಯಾಯಿತು. ಹಿರಿಯರು ನಡುವೆ ಬಿದ್ದರು, ಹುಲಗೇಶ ಬಂದು ಅವಳನ್ನು ಕರೆದುಕೊಂಡು ಹೋದ. ಉಡಚವ್ವ ಬಂದ ನೆಂಟರಿಗೆಲ್ಲ ಸೊಸೆಯನ್ನು ತೋರಿಸಿ, "ಈಕಿ ತಂಗಿ ರಗತದ ಮ್ಯಾಲೆ ಬಂದಾಕಿ," ಎಂದು ಪರಿಚಯ ಮಾಡಿಸುತ್ತಾಳೆ. ಹುಲಗೇಶ ಕೇಳಿಯೂ ಕೇಳದಂತೆ ಇರುತ್ತಾನೆ.

ಸಮತಾ ಗುಳಿಗೆಯನ್ನು ಬಿಟ್ಟಿಲ್ಲ. ಕಳೆದ ತಿಂಗಳು ಅವಳ ಫೆರಿಟಿನ್ ಮೂವತ್ತರ ಹತ್ತಿರ ಬಂದಿತ್ತು. ಕಾರ್ಖಾನೆಯ ಮೇಲಿನ ಮಹಡಿಗೆ ಈಗ ನಿಲ್ಲದೆ ಹತ್ತುತ್ತಾಳೆ. ಪರಮೇಶಪ್ಪ ಒಮ್ಮೆ ಗೇಟಿನ ಬಳಿ ಬಂದು ನಿಂತಿದ್ದ. ಯಶೋಧರಾ ಬಸುರಿ ಎಂದ, ಬಾಣಂತನಕ್ಕೆ ತಾಯಿಯೊಬ್ಬಳಿಂದ ಆಗುವುದಿಲ್ಲ, ನಾಕು ತಿಂಗಳು ಬಂದು ಹೋಗು ಎಂದ.

"ಅಕ್ಕ ಕರೀ ಅಂದಾಳೇನು?"

"ಇಲ್ಲ. ಆಕಿ ನಿನ್ನ ಹೆಸರು ಎತ್ತಗೊಡಂಗಿಲ್ಲ. ಅವ್ವ ಕಳಿಸ್ಯಾಳ."

ಸಮತಾ ಅವನಿಗೆ ಹೋಟೆಲಿನಲ್ಲಿ ಊಟ ಮಾಡಿಸಿದಳು. ಥೈರಾಯ್ಡ್ ಇದ್ದ ಬಸುರಿಗೆ ಡೋಸ್ ಹೆಚ್ಚು ಬೇಕಾಗುತ್ತದೆ, ಬಸುರಿಗೆ ಕಬ್ಬಿಣದ ಗುಳಿಗೆಯನ್ನೂ ಕೊಡುತ್ತಾರೆ, ಎರಡನ್ನೂ ನಾಲ್ಕು ತಾಸು ದೂರ ಇಡಲು ಹೇಳು ಎಂದಳು. ಅವನು ಮರೆಯಬಾರದೆಂದು ಎರಡು ಸಲ ಅವನ ಬಾಯಿಂದಲೇ ಹೇಳಿಸಿದಳು. ಹಾನಗಲ್ಲಿನ ಬಸ್ಸಿಗೆ ಹತ್ತಿಸಿ ಕೆಲಸಕ್ಕೆ ಮರಳಿದಳು. ಬಾಣಂತನಕ್ಕೆ ಹೋಗಲಿಲ್ಲ.